ಒಗೆದು ಮಡಿಸಿ ತಂದ ಜೆರ್ಸಿ

ಬುಧವಾರ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದಿದ್ದ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟಳು. ಬಿಚ್ಚಿ ನೋಡಿದರೆ ಖೋ ಖೋ ತಂಡದ ಏಳನೇ ನಂಬರಿನ ಜೆರ್ಸಿ ಮತ್ತು ಮೊಣಕಾಲಿಗೆ ಹಾಕುವ ಒಂದು ಜೊತೆ ನೀ ಕ್ಯಾಪ್. ಎಲ್ಲವನ್ನೂ ಒಗೆದು, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದಳು. ಎಡಗಾಲಿನ ನೀ ಕ್ಯಾಪ್ ಹರಿದಿದ್ದ ಕಡೆ ಕಪ್ಪು ದಾರದಲ್ಲಿ ಹೊಸದಾಗಿ ಹೊಲಿಗೆ ಹಾಕಿದ್ದಳು. "ಮಿಸ್, ಇದನ್ನ ಇನ್ಯಾರಿಗೆ ಕೊಡ್ತೀರಾ?" ಎಂದು ಕೇಳಿದಳು. ಆ ಧ್ವನಿಯಲ್ಲಿ ದೂರಿರಲಿಲ್ಲ. ಹಾಜರಿ ಪುಸ್ತಕವನ್ನು ಎಲ್ಲಿಡಲಿ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದಳು.

ಜಿಲ್ಲಾ ಮಟ್ಟದಲ್ಲಿ ಗೆದ್ದ ನಮ್ಮ ತಂಡ ಸೋಮವಾರ ವಿಭಾಗ ಮಟ್ಟದ ಪಂದ್ಯಕ್ಕೆ ಹೊರಡಬೇಕು. ವಿಶೇಷ ತರಗತಿ ತಪ್ಪುತ್ತದೆ, ಇವಳೂ ಸೇರಿ ಹತ್ತನೇ ತರಗತಿಯ ಮೂವರು ಹುಡುಗಿಯರನ್ನು ಕಳಿಸುವುದು ಬೇಡ, ಅವರ ಜಾಗಕ್ಕೆ ಒಂಬತ್ತನೆಯವರನ್ನು ಹಾಕಿ ಎಂದು ಮುಖ್ಯೋಪಾಧ್ಯಾಯರು ತೀರ್ಮಾನಿಸಿದರು. ಎಸ್ಸೆಸ್ಸೆಲ್ಸಿ ಫಲಿತಾಂಶ ಕಳೆದ ವರ್ಷ ಕುಸಿದದ್ದಕ್ಕೆ ಪ್ರತಿಯೊಂದು ಸಭೆಯಲ್ಲೂ ಎದ್ದುನಿಂತು ಉತ್ತರ ಹೇಳಿದವರು ಅವರು. ಅವರು ಕೆಟ್ಟವರಲ್ಲ, ಹೆದರಿದವರು. ಆದರೆ ಹೆದರಿದವರ ಕೈಯಲ್ಲಿ ಮಕ್ಕಳ ಭವಿಷ್ಯ ಸಿಕ್ಕಿಕೊಂಡಾಗ ಆಗುವ ಹಾನಿ ಕಡಿಮೆಯೇನಲ್ಲ ಎಂಬುದು ಈ ವಾರ ನನಗೆ ಸ್ಪಷ್ಟವಾಯಿತು. "ನನ್ನ ಮಗಳನ್ನು ಕ್ರೀಡಾಕೂಟಕ್ಕೆ ಕಳಿಸಲು ಇಷ್ಟವಿರುವುದಿಲ್ಲ" ಎಂಬ ಒಕ್ಕಣೆಯ ಪತ್ರವನ್ನು ಪೋಷಕರಿಂದ ಬರೆಸಿಕೊಳ್ಳಬೇಕಾಗಿತ್ತು. ಆ ಹುಡುಗಿಯ ತಂದೆ ಟ್ರ್ಯಾಕ್ಟರ್ ಓಡಿಸುವವರು, ಬರೆಯಲು ಹಿಂಜರಿದರು. ಅದೇ ಬುಧವಾರ ತರಗತಿ ಶಿಕ್ಷಕಿಯಾದ ನಾನೇ ಬರೆದುಕೊಟ್ಟೆ, ಅವರು ಸಹಿ ಹಾಕಿದರು. ಪೆನ್ನು ವಾಪಸು ಕೊಡುವಾಗ ಅವರು ಕೇಳಿದ್ದು ಒಂದೇ ಮಾತು: "ಆಡಿದ್ರೆ ಮುಂದುಕ್ಕೆ ಏನಾಯ್ತಾಳೆ ಮೇಡಂ?"

ನನ್ನ ಬಳಿ ಉತ್ತರವಿರಲಿಲ್ಲ. ಹದಿನಾರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ನನಗೆ ಡಿಪ್ಲೊಮಾ, ಐಟಿಐ, ಪಿಯುಸಿ, ಸಿಇಟಿ ಎಲ್ಲದರ ದಾರಿಯೂ ಬಾಯಿಪಾಠ. ಆಟದಲ್ಲಿ ಮುಂದಿರುವ ಮಗುವಿಗೆ ಯಾವ ದಾರಿ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದು ಮೂರು ವರ್ಷವಾಯಿತು. ಊರಿನ ಹಳೆಯ ಆಟಗಾರರೊಬ್ಬರು ಸಂಜೆ ಬಂದು ಅಭ್ಯಾಸ ಮಾಡಿಸುತ್ತಾರೆ. ಹೆಣ್ಣುಮಕ್ಕಳ ತಂಡದ ಜೊತೆ ಶಿಕ್ಷಕಿಯೊಬ್ಬರು ಇರಬೇಕೆಂದು ನಾನು ಹೋಗುತ್ತೇನೆ.

ಹಾಗೆ ಹೋದದ್ದರಿಂದಲೇ ಜಿಲ್ಲಾ ಮಟ್ಟದ ಫೈನಲ್ ನೋಡಿದೆ. ಅವಳ ಜೊತೆ ಅಂಕಣಕ್ಕಿಳಿದ ಇಬ್ಬರೂ ಬೇಗ ಔಟಾಗಿ ಅವಳೊಬ್ಬಳೇ ಉಳಿದಳು. ಅಟ್ಟಿಸುವವಳು ಹೊರಟ ದಿಕ್ಕನ್ನು ಬದಲಿಸುವಂತಿಲ್ಲ, ಕುಳಿತವರ ಸಾಲನ್ನು ನಡುವೆ ದಾಟುವಂತಿಲ್ಲ. ಓಡುವವಳಿಗೆ ಆ ಕಟ್ಟಳೆಗಳಿಲ್ಲ. ಆ ಒಂದೇ ಅನುಕೂಲವನ್ನು ಹಿಡಿದುಕೊಂಡು ಅವಳು ಕುಳಿತವರ ನಡುವೆ ಸೂಜಿಯಂತೆ ತೂರಿ, ಕಂಬದ ಬಳಿ ಮೈ ಬಾಗಿಸಿ, ಬೆನ್ನ ಹಿಂದೆ "ಖೋ" ಎಂಬ ಕೂಗು ಬೀಳುವ ಮೊದಲೇ ಮುಂದೆ ಏಳುವವಳು ಯಾರೆಂದು ಊಹಿಸಿ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಸಿಗದೆ ಉಳಿದಳು. ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಹುಡುಗಿ ಇವಳೇನಾ ಎನ್ನಿಸಿತ್ತು. ಇಷ್ಟನ್ನು ಕಣ್ಣಾರೆ ಕಂಡ ಕೈಯಿಂದಲೇ ಆ ಪತ್ರವನ್ನೂ ಬರೆದೆನಲ್ಲ ಎಂಬ ಸಂಕಟ ನನ್ನನ್ನು ಬಿಡುತ್ತಿಲ್ಲ.

ಎರಡು ರಾತ್ರಿ ಕುಳಿತು ಒಂದಿಷ್ಟು ತಿಳಿದುಕೊಂಡೆ. ಕ್ರೀಡಾ ಇಲಾಖೆಯ ವಸತಿ ನಿಲಯಗಳಿಗೆ ಮಕ್ಕಳನ್ನು 5ನೇ ತರಗತಿಗೆ, 8ನೇ ತರಗತಿಗೆ ಆಯ್ಕೆ ಮಾಡಿಕೊಳ್ಳುತ್ತಾರೆ. ಆ ಎರಡೂ ಬಾಗಿಲುಗಳನ್ನು ಅವಳು ಯಾರೂ ಹೇಳದ ಕಾರಣಕ್ಕೇ ದಾಟಿಬಿಟ್ಟಿದ್ದಾಳೆ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ರೈಲ್ವೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ ಕ್ರೀಡಾಪಟುಗಳಿಗೆ ಪ್ರತ್ಯೇಕ ಅವಕಾಶವಿದೆ. ಪದವಿಯ ನಂತರ ದೈಹಿಕ ಶಿಕ್ಷಣದಲ್ಲಿ ಎರಡು ವರ್ಷದ ಬಿ.ಪಿ.ಎಡ್. ಮಾಡಿದರೆ, ನಮ್ಮಲ್ಲಿ ಮೂರು ವರ್ಷದಿಂದ ಖಾಲಿಯಿರುವಂಥ ಹುದ್ದೆಗೇ ಅವಳು ಅರ್ಜಿ ಹಾಕಬಹುದು. ಇವುಗಳಲ್ಲಿ ಬಹುಪಾಲು ಕಡೆ ಕೇಳುವುದು ಒಂದೇ ಕಾಗದವನ್ನು: ಎಷ್ಟು ಎತ್ತರದ ಮಟ್ಟದಲ್ಲಿ ಆಡಿದ್ದೀ ಎಂಬ ಪ್ರಮಾಣಪತ್ರ. ವಿಭಾಗ ಮಟ್ಟಕ್ಕೆ ಹೋಗದವಳಿಗೆ ರಾಜ್ಯ ತಂಡದ ಆಯ್ಕೆಯಿಲ್ಲ. ರಾಜ್ಯ ತಂಡವಿಲ್ಲದೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟವಿಲ್ಲ. ಎರಡು ದಿನದ ವಿಶೇಷ ತರಗತಿಗಾಗಿ ನಾವು ತಡೆದದ್ದು ಇಷ್ಟನ್ನು.

ನಮ್ಮದೇ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದ ಭಾರತ ತಂಡದಲ್ಲಿದ್ದರು. ಹಳ್ಳಿಯ ಅಂಗಳದಿಂದ ಅಲ್ಲಿಯವರೆಗೆ ದಾರಿಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು ಅವರೂ ಪುರುಷರ ತಂಡದಲ್ಲಿದ್ದ ಗೌತಮ್ ಅವರೂ ನಿರಾಕರಿಸಬೇಕಾಗಿ ಬಂದದ್ದನ್ನೂ ನಾನು ಮರೆತಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳಲ್ಲಿ ಬಹುಮಾನವನ್ನೂ ಸರ್ಕಾರಿ ಕೆಲಸವನ್ನೂ ಘೋಷಿಸಿತ್ತು. ನಮ್ಮ ಆ ಇಬ್ಬರು ಹಣವನ್ನು ನಿರಾಕರಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ವಿಶ್ವಕಪ್ ಗೆದ್ದವರೇ ಗೌರವದ ಕೆಲಸಕ್ಕಾಗಿ ಬಾಯಿಬಿಟ್ಟು ಕೇಳಬೇಕಾದ ನಾಡಿನಲ್ಲಿ ಟ್ರ್ಯಾಕ್ಟರ್ ಓಡಿಸುವ ತಂದೆಯೊಬ್ಬರು "ಏನಾಯ್ತಾಳೆ" ಎಂದು ಕೇಳಿದರೆ ಅದು ಅಜ್ಞಾನದ ಪ್ರಶ್ನೆಯಲ್ಲ. ಕಾಲು ಮುರಿದರೆ, ಆಯ್ಕೆ ತಪ್ಪಿದರೆ ಕೈಯಲ್ಲಿ ಏನಿರುತ್ತದೆ ಎಂಬ ಲೆಕ್ಕ ಅವರದು. ಆದ್ದರಿಂದಲೇ ಅವಳು ಆಡಲೂ ಬೇಕು, ಎಸ್ಸೆಸ್ಸೆಲ್ಸಿ ಪಾಸಾಗಲೂ ಬೇಕು. ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂದು ಹದಿನೈದರ ಮಗುವಿಗೆ ಹೇಳುವ ಅಧಿಕಾರ ನಮಗಿಲ್ಲ.

ಶುಕ್ರವಾರ ಸಂಜೆ ಅವರ ಮನೆಗೆ ಹೋಗಿ ಇದನ್ನೆಲ್ಲ ತಂದೆಯ ಮುಂದೆ ಹೇಳಿದೆ. ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡು, "ಬುಧವಾರ ಯಾಕೆ ಏಳ್ನಿಲ್ಲ ನೀವು?" ಎಂದರು. ಬುಧವಾರ ನನಗೇ ಗೊತ್ತಿರಲಿಲ್ಲ ಎಂದೆ. ಇಂದು ಬೆಳಿಗ್ಗೆ ಅವರ ಸಹಿಯಿರುವ ಎರಡನೇ ಪತ್ರವನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು, ತಪ್ಪುವ ಪಾಠಗಳನ್ನು ಆ ಮೂವರಿಗೂ ಸಂಜೆ ನಾನೇ ಮಾಡುತ್ತೇನೆಂದು ಬರೆದುಕೊಟ್ಟಿದ್ದೇನೆ. ಅವರು ಓದಿ, ಕನ್ನಡಕ ತೆಗೆದಿಟ್ಟು, "ಉಳಿದಿಬ್ಬರ ಮನೆಯವರನ್ನೂ ಕೇಳಿದಿರಾ?" ಎಂದರು. ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಏಳನೇ ನಂಬರಿನ ಜೆರ್ಸಿಯನ್ನು ನಾನು ಬೇರೆ ಯಾರಿಗೂ ಕೊಟ್ಟಿಲ್ಲ.