ಕಲಬುರಗಿ ಬಿಸಿಲಿಗೆ ನ್ಯಾಚುರಲ್ ರೆಡ್ ವೈನ್ ಕೆಡದಂತೆ

ದೋಸೆ ಹಿಟ್ಟಿಗೆ ನಾವು ಯೀಸ್ಟ್ ಹಾಕುವುದಿಲ್ಲ. ರುಬ್ಬಿಟ್ಟರೆ ತಾನೇ ಹುಳಿ ಬರುತ್ತದೆ. ನ್ಯಾಚುರಲ್ ವೈನೂ ಹಾಗೇ. ದ್ರಾಕ್ಷಿ ಸಿಪ್ಪೆಯ ಮೇಲೆ, ತೊಟ್ಟಿಯಲ್ಲಿ ಇರುವ ಯೀಸ್ಟೇ ರಸವನ್ನು ಹುದುಗಿಸುತ್ತದೆ. ಬಹುಪಾಲು ಸೋಸುವುದಿಲ್ಲ, ವೈನ್ ಕೆಡದಂತೆ ಕಾಯುವ ಸಲ್ಫೈಟ್ ಹಾಕುವುದಿಲ್ಲ ಅಥವಾ ಚೂರೇ ಚೂರು ಹಾಕುತ್ತಾರೆ. ಮೇ ತಿಂಗಳಲ್ಲಿ ಹೊರಗಿಟ್ಟ ಹಿಟ್ಟಿನ ಗತಿ ಏನಾಗುತ್ತದೆಂದು ಕಲಬುರಗಿಯವರಿಗೆ ಹೇಳಬೇಕಿಲ್ಲ. ಬಾಟಲಿಯೊಳಗೂ ಜೀವ ಉಳಿದಿರುತ್ತದೆ.

‘ಆರ್ಗ್ಯಾನಿಕ್’ ಎಂದಿದ್ದ ಮಾತ್ರಕ್ಕೆ ನ್ಯಾಚುರಲ್ ಅಲ್ಲ. ಯುರೋಪಿನ ನಿಯಮದಂತೆ ಸಿಹಿಯಿಲ್ಲದ ಸಾವಯವ ರೆಡ್‌ನಲ್ಲಿ ಲೀಟರಿಗೆ 100 ಮಿಲಿಗ್ರಾಂವರೆಗೆ ಸಲ್ಫೈಟ್ ಇರಬಹುದು. ಸಾಮಾನ್ಯ ರೆಡ್‌ಗೆ 150. ಫ್ರಾನ್ಸಿನಲ್ಲಿ 2020ರಲ್ಲಿ ಬಂದ ‘ವ್ಯಾಂ ಮೆತೋದ್ ನಾತ್ಯೂರ್’ ಎಂಬ ನ್ಯಾಚುರಲ್ ವೈನ್ ಗುರುತಿಗೆ ಮಿತಿ 30. ಏನೂ ಹಾಕದ್ದಕ್ಕೆ ಬೇರೆ ಗುರುತು. ನಮ್ಮ ಊರಿಗೆ ಆ 30ರದ್ದೇ ವಾಸಿ. ಸೊನ್ನೆಯದ್ದು ದಾರಿಯಲ್ಲೇ ಕೆಡುವ ಭಯ ಹೆಚ್ಚು.

ತರುವುದಾದರೆ ಡಿಸೆಂಬರ್, ಜನವರಿಯಲ್ಲಿ ತನ್ನಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಬಿಟ್ಟರೂ ಸಾಕು, ವೈನ್ ಹಿಗ್ಗಿ ಕಾರ್ಕ್ ಮೇಲೇಳುತ್ತದೆ, ಬಾಟಲಿ ಕತ್ತು ಅಂಟಂಟಾಗುತ್ತದೆ. ಅಂಥದ್ದನ್ನು ಕೊಳ್ಳಲೇಬೇಡಿ. ಶಹಾಬಾದ್ ಕಲ್ಲಿನ ನೆಲ ಕಾಲಿಗೆ ತಣ್ಣಗಿದ್ದರೂ ಬೇಸಿಗೆಯಲ್ಲಿ ಅದನ್ನು ನಂಬಬಾರದು. ಬೇಕಿರುವುದು 12ರಿಂದ 15 ಡಿಗ್ರಿ. ಅಷ್ಟು ಸಿಗದಿದ್ದರೆ ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿ ಅಡ್ಡ ಮಲಗಿಸಿ.

ಕುಡಿಯುವ ಅರ್ಧ ಗಂಟೆ ಮೊದಲು ಹೊರಗಿಟ್ಟರೆ ಸಾಕು, 14-15 ಡಿಗ್ರಿಗೆ ಬರುತ್ತದೆ. ನಾಲಿಗೆಗೆ ಸಣ್ಣಗೆ ಚುರುಗುಟ್ಟಿದರೆ ಗಾಬರಿ ಬೇಡ. ಉಳಿದ ಇಂಗಾಲದ ಡೈಆಕ್ಸೈಡ್ ಅದು. ಜಗ್ಗಿಗೆ ಸುರಿದು ಅಲುಗಾಡಿಸಿದರೆ ಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆಯೂ ಎಷ್ಟೋ ಸಲ ಹಾಗೇ ಗಾಳಿಗೆ ಬಿಡುತ್ತದೆ. ವಿನೆಗರ್ ಘಾಟು ಬಿಡುವುದಿಲ್ಲ, ಚೆಲ್ಲಿ.

ಮೋಸ ಮಾಡುವುದು ‘ಮೌಸಿ’, ಅಂದರೆ ಇಲಿಯಂಥ ಎಂಬ ಹೆಸರಿನ ದೋಷ. ಮೂಗಿಗೆ ಏನೂ ಗೊತ್ತಾಗದು. ನುಂಗಿ ಹತ್ತಿಪ್ಪತ್ತು ಸೆಕೆಂಡಾದ ಮೇಲೆ ಗಂಟಲ ಹಿಂದಿನಿಂದ ಇಲಿ ಗೂಡಿನ, ಹಳಸಿದ ಅನ್ನದಂಥ ರುಚಿ ಏಳುತ್ತದೆ. ಕಾರಣ ಜೊಲ್ಲು. ವೈನಿನ ಹುಳಿಯಲ್ಲಿ ಆ ಅಂಶ ಆವಿಯಾಗದು. ಜೊಲ್ಲು ಹುಳಿಯನ್ನು ಇಳಿಸಿದಾಗ ಹೊರಬೀಳುತ್ತದೆ. ಸೋಜಿಗವೆಂದರೆ, ಬಾಸುಮತಿ ಅಕ್ಕಿಗೆ ಘಮ ಕೊಡುವ ರಾಸಾಯನಿಕವೂ ಈ ದೋಷ ತರುವವುಗಳಲ್ಲಿ ಒಂದು. ಇದು ಬಾಟಲಿ ತೆರೆದ ಮೇಲೆ ಗಾಳಿ ಸೋಕಿ ಹೆಚ್ಚುವುದೂ ಉಂಟು. ಉಳಿದದ್ದಕ್ಕೆ ಕೂಡಲೇ ಕಾರ್ಕ್ ಒತ್ತಿ ಫ್ರಿಜ್‌ಗಿಡಿ, ಎರಡು ದಿನದೊಳಗೆ ಮುಗಿಸಿ.