ಕೊಂಡ ಆಟ ನಿಮ್ಮದೇ? ಇಂಟರ್ನೆಟ್ ಕಿತ್ತು ನೋಡಿ

ತಿಂಗಳ ದುಡ್ಡು ಕಟ್ಟಿ ವಿಡಿಯೊ ಗೇಮ್ ಆಡುವ ಗೇಮ್ ಪಾಸ್‌ನಂಥ ಚಂದಾ ಸೇವೆ ಮೇಲೋ, ಆಟ ಕೊಂಡು ಇಟ್ಟುಕೊಳ್ಳುವುದು ಮೇಲೋ ಎಂದು ವಾದಿಸುವವರು ಒಂದು ಸಂಗತಿ ಮರೆಯುತ್ತಾರೆ. ಡಿಜಿಟಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡದ್ದೂ ಬಹುಪಾಲು ಆಡುವ ಪರವಾನಗಿಯೇ. ‘ಕೊಳ್ಳಿ’ ಎಂದು ಬರೆದು ಪರವಾನಗಿ ಮಾರುವವರು ಹಾಗೆಂದು ಸ್ಪಷ್ಟವಾಗಿ ಹೇಳಬೇಕು ಎಂದು ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿತು. ಅದೇ ವರ್ಷ ಪಿಸಿ ಆಟಗಳ ಡಿಜಿಟಲ್ ಅಂಗಡಿಯಾದ ಸ್ಟೀಮ್ ತನ್ನ ಕಾರ್ಟ್ ಪುಟದಲ್ಲೇ ಆ ಸಾಲು ಹಾಕಿತು.

ಡಿಸ್ಕ್ ಇದ್ದರೆ ಭಯವಿಲ್ಲ ಎನ್ನುವ ಹಾಗೂ ಇಲ್ಲ. 2014ರಲ್ಲಿ ಬಂದ ಕಾರ್ ರೇಸಿನ ಆಟ ‘ದಿ ಕ್ರೂ’ ಡಿಸ್ಕ್‌ನಲ್ಲೂ ಮಾರಾಟವಾಗಿತ್ತು. ಒಬ್ಬರೇ ಆಡಿದರೂ ಅದಕ್ಕೆ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ಡಿಸ್ಕ್ ಬರೀ ತಟ್ಟೆಯಾಯಿತು. ನಿಂಟೆಂಡೊದ ಗೇಮ್ ಕನ್ಸೋಲ್ ಸ್ವಿಚ್ 2ರ ಗೇಮ್-ಕೀ ಕಾರ್ಡ್ ಇನ್ನೊಂದು ಬಗೆ: ಕಾರ್ಡ್ ಒಳಗೆ ಆಟವೇ ಇಲ್ಲ, ಡೌನ್‌ಲೋಡ್ ಮಾಡುವ ಕೀಲಿ ಮಾತ್ರ. ಇನ್ನೊಬ್ಬರಿಗೆ ಮಾರಬಹುದು ಅನ್ನುವುದಷ್ಟೇ ಸಮಾಧಾನ.

ಹಾಗಾಗಿ ಆಟ ಎಷ್ಟರ ಮಟ್ಟಿಗೆ ನಿಮ್ಮದು ಎಂದು ತಿಳಿಯಲು ಪರೀಕ್ಷೆ ಮಾಡಿಯೇ ನೋಡಬೇಕು. ಸ್ಟೀಮ್ ಪೂರ್ತಿ ಮುಚ್ಚಿ, ನೆಟ್ ಕಡಿದು, ಸ್ಟೀಮ್‌ಆಪ್ಸ್ ಒಳಗಿನ ಕಾಮನ್ ಫೋಲ್ಡರ್‌ಗೆ ಹೋಗಿ ಆಟದ ಇಎಕ್ಸ್‌ಇ ಫೈಲನ್ನು ನೇರವಾಗಿ ಒತ್ತಿ. ಕೆಲವು ಆಟಗಳು ಸುಮ್ಮನೆ ತೆರೆದುಕೊಳ್ಳುತ್ತವೆ, ಏಕೆಂದರೆ ಸ್ಟೀಮ್ ತನ್ನ ಬೀಗವನ್ನು ಎಲ್ಲ ಆಟಗಳ ಮೇಲೂ ಹೇರುವುದಿಲ್ಲ. ಅಂಥವುಗಳ ಫೋಲ್ಡರನ್ನು ಹೊರಗಿನ ಡ್ರೈವ್‌ಗೆ ನಕಲು ಮಾಡಿಟ್ಟರೆ ಸಾಕು. ಆಟ ತಾನೇ ಮತ್ತೆ ಸ್ಟೀಮ್ ತೆರೆಯಲು ಹೊರಟರೆ ಅಥವಾ ಲಾಗಿನ್ ಕೇಳಿದರೆ ಆ ನಕಲನ್ನು ನಂಬಬೇಡಿ.

ಚಂದಾದಲ್ಲಿ ಜನ ಎಡವುವುದು ತಿಂಗಳ ದುಡ್ಡಿನಲ್ಲಲ್ಲ, ಡಿಎಲ್‌ಸಿಯಲ್ಲಿ, ಅಂದರೆ ಆಟಕ್ಕೆ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗದಲ್ಲಿ. ಮೂಲ ಆಟ ಪಟ್ಟಿಯಲ್ಲಿದೆ ಎಂದು ಹೆಚ್ಚುವರಿ ಭಾಗ ಮಾತ್ರ ಕೊಳ್ಳುತ್ತಾರೆ. ಆಟ ಪಟ್ಟಿಯಿಂದ ಹೋದ ದಿನ ಕೊಂಡ ಭಾಗ ಹಾಗೇ ಇರುತ್ತದೆ, ಓಡಿಸಲು ಏನೂ ಇರುವುದಿಲ್ಲ. ಗೇಮ್ ಪಾಸ್‌ನಲ್ಲಿರುವ ‘ಶೀಘ್ರದಲ್ಲೇ ಹೊರಡಲಿವೆ’ ಎಂಬ ವಿಭಾಗವನ್ನು ತಿಂಗಳಿಗೆರಡು ಸಲ ನೋಡಿ. ಬೇಕಾದ ಆಟ ಅಲ್ಲಿದ್ದರೆ ಹೊರಡುವ ಮುನ್ನವೇ ಸದಸ್ಯರ ರಿಯಾಯಿತಿಯಲ್ಲಿ ಕೊಂಡುಬಿಡಿ.

ಎರಡನೇ ತಲೆನೋವು ಸೇವ್ ಫೈಲು, ಅಂದರೆ ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೀರಿ ಎಂದು ನೆನಪಿಡುವ ಫೈಲು. ಪಿಸಿ ಗೇಮ್ ಪಾಸ್‌ನಲ್ಲಿ ನಲವತ್ತು ಗಂಟೆ ಆಡಿ, ಆಮೇಲೆ ಅದೇ ಆಟವನ್ನು ಸ್ಟೀಮ್‌ನಲ್ಲಿ ಕೊಂಡರೆ ಸಾಮಾನ್ಯವಾಗಿ ಮೊದಲಿನಿಂದ ಶುರು. ಹಳೆಯ ಸೇವ್ ಎಲ್ಲೂ ಹೋಗಿರುವುದಿಲ್ಲ: ವಿಂಡೋಸ್‌ನಲ್ಲಿ ನಿಮ್ಮ ಹೆಸರಿನ ಬಳಕೆದಾರ ಫೋಲ್ಡರಿನ ಒಳಗೆ ಆಪ್‌ಡೇಟಾ, ಲೋಕಲ್, ಪ್ಯಾಕೇಜಸ್, ಅಲ್ಲಿ ಆಟದ ಫೋಲ್ಡರು, ಅದರೊಳಗೆ ಸಿಸ್ಟಮ್‌ಆಪ್‌ಡೇಟಾ, ಕೊನೆಗೆ ಡಬ್ಲ್ಯೂಜಿಎಸ್. ಅಲ್ಲಿರುವ ಫೈಲುಗಳಿಗೆ ಅಂಕಿ-ಅಕ್ಷರ ಬೆರೆತ ಉದ್ದುದ್ದ ಹೆಸರು, ಎಕ್ಸ್‌ಟೆನ್ಶನ್ ಇಲ್ಲ. ದೊಡ್ಡದನ್ನು ನಕಲು ಮಾಡಿ, ಸ್ಟೀಮ್ ಆವೃತ್ತಿ ಬಳಸುವ ಹೆಸರು ಕೊಟ್ಟರೆ ಕೆಲವು ಆಟಗಳು ಒಪ್ಪುತ್ತವೆ. ಸೇವ್‌ನ ಒಳಗೇ ಖಾತೆಯ ಗುರುತು ಬರೆಯುವ ಆಟಗಳು ಒಪ್ಪುವುದಿಲ್ಲ. ಏನೇ ಮಾಡುವ ಮುನ್ನ ಇಡೀ ಫೋಲ್ಡರಿನ ನಕಲು ಇಟ್ಟುಕೊಳ್ಳಿ.

ಒಮ್ಮೆ ಮುಗಿಸಿ ಮರೆಯುವ ಹತ್ತು ಗಂಟೆಯ ಕಥೆಗೆ ಚಂದಾವೇ ಸರಿ, ಅದನ್ನು ಕೊಂಡು ಕೂಡಿಡುವುದು ಹುಚ್ಚು. ವರ್ಷಗಟ್ಟಲೆ ಮರಳಿ ಆಡುವಂಥದ್ದು, ಮಾಡ್ (ಆಟಗಾರರೇ ಮಾಡಿದ ಮಾರ್ಪಾಡು) ಹಾಕುವಂಥದ್ದು ಮಾತ್ರ ಕೊಳ್ಳಿ. ಸಾಧ್ಯವಾದರೆ ಜಿಒಜಿ ಎಂಬ ಡಿಜಿಟಲ್ ಅಂಗಡಿಯಲ್ಲಿ, ಅಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ ಸಿಗುತ್ತದೆ. ದೊಡ್ಡ ಆಟವಾದರೆ ಒಂದು ಸೆಟಪ್ ಫೈಲು, ಜೊತೆಗೆ ಹಲವು ಬಿನ್ ಫೈಲುಗಳು ಬರುತ್ತವೆ. ಎಲ್ಲವೂ ಒಂದೇ ಫೋಲ್ಡರಿನಲ್ಲಿರಬೇಕು. ಒಂದು ತಪ್ಪಿದರೂ ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲುತ್ತದೆ. ಡಿಎಲ್‌ಸಿಯ ಇನ್‌ಸ್ಟಾಲರ್ ಬೇರೆಯೇ ಇರುತ್ತದೆ, ಇಳಿಸಿಕೊಳ್ಳಲು ಮರೆಯುವುದು ಅದನ್ನೇ. ಇಳಿಸಿದ ದಿನವೇ ನೆಟ್ ಕಡಿದು ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ, ದೊಡ್ಡ ಅಪ್‌ಡೇಟ್ ಬಂದಾಗ ಹೊಸ ಇನ್‌ಸ್ಟಾಲರ್ ಇಳಿಸಿಕೊಳ್ಳಿ, ಹಳೆಯದನ್ನೂ ಅಳಿಸಬೇಡಿ: ಕೆಲವು ಮಾಡ್‌ಗಳು ಹಳೆಯ ಆವೃತ್ತಿಯಲ್ಲೇ ಓಡುವುದು.