ದಿನಕ್ಕೆ ಎಷ್ಟು ತಾಸು ಓದಬೇಕ್ರಿ?

"ಸರ್, ಮೇನ್ಸ್‌ಗೆ ದಿನಾ ಎಷ್ಟು ತಾಸು ಓದಬೇಕ್ರಿ?" ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಯುಪಿಎಸ್‌ಸಿಗೆ ಕುಳಿತವರೆಲ್ಲ ಮೊದಲು ಕೇಳುವುದು ಇದನ್ನೇ. ಮೇನ್ಸ್ ಅಂದರೆ ಉತ್ತರ ಬರೆಯುವ ಮುಖ್ಯ ಪರೀಕ್ಷೆ. ಹತ್ತು ತಾಸು ಅಂದರೆ ಸಮಾಧಾನ, ಹದಿನಾಲ್ಕು ಅಂದರೆ ಇನ್ನೂ ಸಮಾಧಾನ. ನನ್ನ ಉತ್ತರ ಮಾತ್ರ ಹಾಳೆಯ ಲೆಕ್ಕದಲ್ಲಿರುತ್ತದೆ: ಈ ವಾರ ಎಷ್ಟು ಉತ್ತರ ಬರೆದಿರಿ?

ಲೆಕ್ಕ ಹಾಕಿ ನೋಡಿ. ಸಾಮಾನ್ಯ ಅಧ್ಯಯನದ (ಜಿಎಸ್) ಮೊದಲ ಮೂರು ಪತ್ರಿಕೆಗಳಲ್ಲಿ ಪ್ರತಿಯೊಂದಕ್ಕೂ 250 ಅಂಕ, 3 ತಾಸು, 20 ಪ್ರಶ್ನೆ. ಹತ್ತು ಪ್ರಶ್ನೆಗೆ ತಲಾ 10 ಅಂಕ, 150 ಪದ. ಉಳಿದ ಹತ್ತಕ್ಕೆ ತಲಾ 15 ಅಂಕ, 250 ಪದ. ಸಣ್ಣದಕ್ಕೆ 7 ನಿಮಿಷ, ದೊಡ್ಡದಕ್ಕೆ 11 ನಿಮಿಷ ಕೊಟ್ಟರೆ 180 ನಿಮಿಷ ಸರಿಯಾಗಿ ಮುಗಿಯಿತು. ಪ್ರಶ್ನೆ ಓದುವುದು, ಯೋಚಿಸುವುದು, ಪುಟ ತಿರುವುವುದು, ಬೆವರು ಒರೆಸಿಕೊಳ್ಳುವುದು ಎಲ್ಲ ಅದರೊಳಗೇ. ಬೆಳಿಗ್ಗೆ ಒಂದು ಪತ್ರಿಕೆ, ಮಧ್ಯಾಹ್ನ ಇನ್ನೊಂದು, ಮರುದಿನ ಮತ್ತೆ ಎರಡು.

ಹೆಚ್ಚಿನವರು ಸೋಲುವ ಜಾಗವೂ ಇದೇ. ಮೊದಲ ಐದು ಪ್ರಶ್ನೆ ಚೆನ್ನಾಗಿ ಗೊತ್ತಿವೆ ಅಂತ ಒಂದೊಂದಕ್ಕೂ ಹದಿಮೂರು ನಿಮಿಷ ಬರೆಯುತ್ತಾರೆ. ಕೊನೆಗೆ 15 ಅಂಕದ ಮೂರು ಪ್ರಶ್ನೆ ಖಾಲಿ. ಚೆಂದ ಬರೆದದ್ದಕ್ಕೆ ಪ್ರಶ್ನೆಗೆ ಒಂದು ಅಂಕ ಹೆಚ್ಚು ಸಿಕ್ಕರೂ ಐದೇ ಅಂಕ. ಬಿಟ್ಟ ಮೂರರಿಂದ 45 ಅಂಕದ ಅವಕಾಶವೇ ಹೋಯಿತು. ಆದ್ದರಿಂದ ಯೋಜನೆಯ ಮೊದಲ ಸಾಮಾನು ಮೊಬೈಲಿನ ಟೈಮರ್. 7 ನಿಮಿಷಕ್ಕೆ ಗಂಟೆ ಹೊಡೆದರೆ ವಾಕ್ಯ ಅರ್ಧವಿದ್ದರೂ ಪೆನ್ನು ಎತ್ತಿಬಿಡಿ. ಮೊದಲ ಎರಡು ವಾರ ಉತ್ತರಗಳು ಅರೆಬರೆಯಾಗಿಯೇ ಇರುತ್ತವೆ, ಇರಲಿ.

ಕನ್ನಡದಲ್ಲಿ ಬರೆಯುವವರಿಗೆ ಒಂದೆರಡು ವಿಷಯ ಹೆಚ್ಚುವರಿ. ಜಿಎಸ್ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅಂದರೆ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯಬೇಕು. 'ಡಿಸ್ಕಸ್', 'ಎಲುಸಿಡೇಟ್', 'ಕ್ರಿಟಿಕಲಿ ಎಕ್ಸಾಮಿನ್' ಇವುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಬಿದ್ದ ತಕ್ಷಣ ಹೊಳೆಯಬೇಕು. ಕೊನೆಯದಕ್ಕೆ ಸಾಧಕ ಬಾಧಕ ಎರಡನ್ನೂ ತೂಗಿ ನಿಮ್ಮ ನಿಲುವು ಹೇಳದಿದ್ದರೆ ಉತ್ತರ ಅರ್ಧವೇ. ಇದರ ಜೊತೆಗೆ ಪರಿಭಾಷೆಗೆ ಒಂದು 200 ಪುಟದ ನೋಟ್‌ಬುಕ್ ಇಡಿ. ಫಿಸ್ಕಲ್, ಮಾನಿಟರಿ, ಫೈನಾನ್ಷಿಯಲ್ ಮೂರಕ್ಕೂ 'ಹಣಕಾಸು' ಅಂತಲೇ ಬರೆಯುವವರಿದ್ದಾರೆ. ರಿಸರ್ವ್ ಬ್ಯಾಂಕಿನ ಬಡ್ಡಿ ದರದ ಮಾತೋ ಸರ್ಕಾರದ ಬಜೆಟ್ಟಿನ ಮಾತೋ ಪರೀಕ್ಷಕರಿಗೆ ಹೇಗೆ ತಿಳಿಯಬೇಕು? ಒಂದು ಪದಕ್ಕೆ ಒಂದೇ ಕನ್ನಡ ಪದ ನಿಗದಿ ಮಾಡಿಕೊಂಡು ಕೊನೆತನಕ ಅದನ್ನೇ ಬಳಸಿ. ತಾಂತ್ರಿಕ ಪದದ ಪಕ್ಕ ಆವರಣದಲ್ಲಿ ಇಂಗ್ಲಿಷ್ ರೂಪ ಬರೆಯಲು ನಿಯಮದಲ್ಲೇ ಅವಕಾಶವಿದೆ. ಅದು ತಾಂತ್ರಿಕ ಪದಕ್ಕಷ್ಟೇ. ವಾಕ್ಯಗಟ್ಟಲೆ ಇಂಗ್ಲಿಷ್ ತುರುಕಿದರೆ ಅಂಕ ಕಡಿತ.

ಪದ ಎಣಿಸಿ ತುಂಬಿಸುವುದೂ ಬೇಡ. ಇಂಗ್ಲಿಷಿನ ಮೂರ್ನಾಲ್ಕು ಪದ ನಮ್ಮಲ್ಲಿ 'ಜಿಲ್ಲೆಯಲ್ಲಿನ' ಅಂತ ಒಂದೇ ಪದವಾಗುತ್ತದೆ. 150 ಪದದ ಉತ್ತರ ಕನ್ನಡದಲ್ಲಿ ನೂರರ ಆಸುಪಾಸಿಗೇ ಮುಗಿದರೆ ಗಾಬರಿಯಾಗಬೇಡಿ.

ಒಂದು ಉತ್ತರವನ್ನು ಬಿಡಿಸಿ ನೋಡೋಣ. 'ಕಾಲುವೆಯ ಕೊನೆ ಭಾಗದ ರೈತರಿಗೆ ನೀರು ಏಕೆ ತಲುಪುವುದಿಲ್ಲ? ಪರಿಹಾರ ಸೂಚಿಸಿ.' 15 ಅಂಕ, 11 ನಿಮಿಷ. ಮೊದಲ ಒಂದೂವರೆ ನಿಮಿಷ ಪೆನ್ಸಿಲ್ಲಿನಿಂದ ಆರೇಳು ಪದ: ಹೂಳು, ಭತ್ತ, ಅಕ್ರಮ ಪಂಪ್‌ಸೆಟ್, ಅಳತೆ, ಸರದಿ, ಸಂಘ. ನಂತರ ಎರಡು ಸಾಲಿನ ಪೀಠಿಕೆ. 'ಭಾರತ ಕೃಷಿ ಪ್ರಧಾನ ದೇಶ' ಅಂತ ಶುರು ಮಾಡಿದರೆ ಎರಡು ಸಾಲು ದಂಡ. ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ ಅಂತ ಶುರು ಮಾಡಿ. ಆಮೇಲೆ ಕಾರಣಗಳು: ಕಡಿಮೆ ನೀರಿನ ಬೆಳೆಗೆಂದು ಗೊತ್ತುಮಾಡಿದ ಅಚ್ಚುಕಟ್ಟಿನಲ್ಲಿ ಮೇಲ್ಭಾಗದವರು ಭತ್ತ ಹಾಕುವುದು, ಕಾಲುವೆಗೆ ಅಕ್ರಮವಾಗಿ ಪಂಪ್‌ಸೆಟ್ ಇಡುವುದು, ಕಾಲುವೆ ನೀರಿನ ಮಟ್ಟದ (ಗೇಜ್) ಅಳತೆ ಸರಿಯಾಗಿ ನಡೆಯದಿರುವುದು. ಪರಿಹಾರದಲ್ಲಿ ಸರದಿಯ ಮೇಲೆ ನೀರು, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅಧಿಕಾರ, ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಪ್ರಸ್ತಾಪವಾಗಿರುವ ಸಮತೋಲನ ಜಲಾಶಯ. ಎಡದಂಡೆ ಕಾಲುವೆಯನ್ನು ಒಂದು ಗೆರೆಯಾಗಿ ಎಳೆದು ಮುನಿರಾಬಾದ್‌ನಿಂದ ರಾಯಚೂರಿನವರೆಗೆ ಮೂರು ಗುರುತು ಹಾಕಿದರೆ 40 ಸೆಕೆಂಡಿನ ನಕ್ಷೆಯೂ ಆಯಿತು. ಮಾನ್ವಿ, ಸಿರವಾರ ಕಡೆಯ ಓದುಗರಿಗೆ ಇದು ಮನೆಯ ಮಾತು. ಆದರೂ ಉತ್ತರದಲ್ಲಿ ಹೆಚ್ಚಿನವರು ಪಂಜಾಬಿನ ಉದಾಹರಣೆ ಬರೆಯುತ್ತಾರೆ. ಯಾಕೋ!

ನಮ್ಮ ಭಾಗದ ಸಂಗತಿ ಬರೆಯುವಾಗ ನಿಖರವಾಗಿರಬೇಕು, ಅಷ್ಟೇ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಬಗ್ಗೆ ಬರೆಯುತ್ತ ಬಳ್ಳಾರಿಯನ್ನೂ 1948ರ ನಿಜಾಮ ಸಂಸ್ಥಾನದೊಳಗೆ ಸೇರಿಸಿಬಿಡುವುದು ಸಾಮಾನ್ಯ ತಪ್ಪು. ಬಳ್ಳಾರಿ ಆಗ ಮದ್ರಾಸ್‌ನಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಸಂವಿಧಾನದ 98ನೇ ತಿದ್ದುಪಡಿಯ ವಿಶೇಷ ಸ್ಥಾನಮಾನ ಮಾತ್ರ ಅದಕ್ಕೂ ಉಂಟು.

ಈಗ ಕಾಲದ ಹಂಚಿಕೆ. 2025ರಲ್ಲಿ ಪ್ರಿಲಿಮ್ಸ್ (ಪೂರ್ವಭಾವಿ ಪರೀಕ್ಷೆ) ಮೇ 25ಕ್ಕೆ, ಮೇನ್ಸ್ ಆಗಸ್ಟ್ 22ರಿಂದ. ನಡುವೆ 89 ದಿನ. ಇದರಲ್ಲಿ ಆಪ್ಷನಲ್ (ಐಚ್ಛಿಕ ವಿಷಯ) ಹೊಸದಾಗಿ ಓದುವುದು ಆಗದ ಮಾತು. ಅದು 500 ಅಂಕದ ವಿಷಯ, ಪ್ರಿಲಿಮ್ಸ್‌ಗೆ ನಾಲ್ಕು ತಿಂಗಳು ಇರುವಾಗಲೇ ಒಂದು ಸಲ ಮುಗಿದಿರಬೇಕು. ಪ್ರಿಲಿಮ್ಸ್‌ಗೂ ಮುಂಚಿನ ಆ ಹಂತದಲ್ಲಿ ದಿನಕ್ಕೆ ಎರಡು ಉತ್ತರ ಸಾಕು. ಪ್ರಿಲಿಮ್ಸ್ ಮುಗಿದು ಮೂರು ದಿನ ನಿದ್ದೆ ಮಾಡಿ, ನಾಲ್ಕನೇ ದಿನ ಕೂತುಬಿಡಿ. ಫಲಿತಾಂಶಕ್ಕೆ ಕಾದರೆ ಎರಡು ಮೂರು ವಾರ ಅಲ್ಲೇ ಸೋರಿಹೋಗುತ್ತವೆ. ಅಲ್ಲಿಂದ ದಿನಕ್ಕೆ ಆರು ಉತ್ತರ, ಭಾನುವಾರ ಪೂರ್ತಿ ಒಂದು ಪತ್ರಿಕೆ, ಹದಿನೈದು ದಿನಕ್ಕೊಂದು ಪ್ರಬಂಧ. ಕೊನೆಯ ತಿಂಗಳಲ್ಲಿ ಎರಡು ಸಲವಾದರೂ ಬೆಳಿಗ್ಗೆ 9ರಿಂದ 12, ಮಧ್ಯಾಹ್ನ 2:30ರಿಂದ 5:30, ಒಂದೇ ದಿನ ಎರಡು ಪತ್ರಿಕೆ ಬರೆಯಿರಿ. ಆರು ತಾಸು ಬರೆದ ಕೈ ಹೇಗೆ ಹಿಡಿದುಕೊಳ್ಳುತ್ತದೆ, ಒತ್ತಕ್ಷರಗಳು ಯಾವ ಪುಟದಿಂದ ಕೆಡುತ್ತವೆ ಅನ್ನುವುದು ಆಗಲೇ ಗೊತ್ತಾಗುವುದು.

ಬೇಸಿಗೆಯಲ್ಲಿ ನಮ್ಮೂರಿನ ಮಧ್ಯಾಹ್ನ ಬರವಣಿಗೆಗೆ ಲಾಯಕ್ಕಿಲ್ಲ, ಹಾಳೆ ಬೆವರಿಗೆ ಅಂಟುತ್ತದೆ. ನಸುಕಿನ ಐದೂವರೆಯಿಂದ ಎಂಟೂವರೆ ಬರೆಯಲು ಇಟ್ಟು, ಬಿಸಿಲ ಹೊತ್ತನ್ನು ದಿನಪತ್ರಿಕೆ ಓದಲಿಕ್ಕೆ, ನೋಟ್ಸ್‌ಗೆ ಬಿಡಿ. ನೋಟ್ಸ್ ಅಂದರೆ ಸಿಲಬಸ್ಸಿನ ಒಂದು ವಿಷಯಕ್ಕೆ ಒಂದು ಎ4 ಹಾಳೆ. ಹೊಸ ಅಂಕಿ ಸಿಕ್ಕರೆ ಹಳೆಯದನ್ನು ಹೊಡೆದು ಹಾಕಿ, ಇನ್ನೊಂದು ಹಾಳೆ ಸೇರಿಸಬೇಡಿ. ಮೂರು ಬಣ್ಣದ ಪೆನ್ನಿನ ನೋಟ್ಸ್ ನೋಡಲು ಚೆಂದ, ಅಷ್ಟೇ. ಪ್ರಚಲಿತ ವಿದ್ಯಮಾನಕ್ಕೆ ತಿಂಗಳ ಮ್ಯಾಗಜೀನ್ ಒಂದೇ ಸಾಕು.

ಭಾಷಾ ಪತ್ರಿಕೆಗಳನ್ನು ಹಗುರವಾಗಿ ನೋಡಬೇಡಿ. ಕಡ್ಡಾಯ ಕನ್ನಡ 300, ಇಂಗ್ಲಿಷ್ 300, ಎರಡರಲ್ಲೂ ಶೇ. 25 ಬೇಕು. ರ‍್ಯಾಂಕಿಗೆ ಲೆಕ್ಕವಿಲ್ಲ, ಆದರೆ ಇದರಲ್ಲಿ ನಪಾಸಾದರೆ ಉಳಿದ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಕನ್ನಡ ಮಾಧ್ಯಮದವರು ಇಂಗ್ಲಿಷ್ ಸಂಕ್ಷೇಪ ಲೇಖನದಲ್ಲಿ, ಇಂಗ್ಲಿಷ್ ಮಾಧ್ಯಮದವರು ಕನ್ನಡ ಪ್ರಬಂಧದಲ್ಲಿ ಎಡವುತ್ತಾರೆ. ವಾರಕ್ಕೊಂದು ತಾಸು ಕೊಟ್ಟರೆ ಮುಗಿಯಿತು.

ಕೆಎಎಸ್ ಮಾತ್ರ ಬರೆಯುವವರಿಗೆ ಇಷ್ಟು ಬದಲಾವಣೆ: ಈಗ ಅಲ್ಲಿ ಆಪ್ಷನಲ್ ಇಲ್ಲ, ಪ್ರಬಂಧ ಮತ್ತು ನಾಲ್ಕು ಜಿಎಸ್ ಸೇರಿ 1,250 ಅಂಕ. ಆಪ್ಷನಲ್‌ಗೆ ಇಟ್ಟ ಹೊತ್ತನ್ನು ಕರ್ನಾಟಕದ ಆರ್ಥಿಕ ಸಮೀಕ್ಷೆಗೆ, ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ವರದಿಗೆ ಕೊಡಿ. ಆ ವರದಿಯ ಪ್ರಕಾರ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಈ ಎರಡು ಅಂಕಿ ಬೇಕಾಗುವ ಉತ್ತರ ಒಂದಲ್ಲ ಒಂದು ಪತ್ರಿಕೆಯಲ್ಲಿ ಬರುತ್ತದೆ.

ಕರ್ನಾಟಕದಲ್ಲಿ ಯುಪಿಎಸ್‌ಸಿ ಮೇನ್ಸ್‌ಗೆ ಕೇಂದ್ರ ಇರುವುದು ಬೆಂಗಳೂರಿನಲ್ಲಿ ಮಾತ್ರ. ಮೊದಲ ದಿನದ್ದೇ ಪ್ರಬಂಧ. ಶುಕ್ರವಾರ ಪರೀಕ್ಷೆ ಅಂದರೆ ಕೊಪ್ಪಳ, ಬಳ್ಳಾರಿಯವರು ಬುಧವಾರ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹಿಡಿಯಲಿ. ಗುರುವಾರ ರಾತ್ರಿಯದ್ದು ಬೇಡ. ಬ್ಯಾಗಿನಲ್ಲಿ ಆ ಎ4 ಹಾಳೆಗಳು, ಆಗಲೇ ಬರೆದು ಪಳಗಿಸಿದ ನಾಲ್ಕು ಪೆನ್ನು.